ಮೈಕಲ್ಲನ ಆಕಳು, ಮಾವನವರ ಅಂಗೈ

ಮೊನ್ನೆ ಗುಲಾಬಿ ಗಿಡಕ್ಕೆಂದು ಅಂಗಡಿಯಿಂದ ಸಗಣಿ ಗೊಬ್ಬರದ ಚೀಲ ತಂದೆ. ಕಾರಿನ ಡಿಕ್ಕಿ ತೆಗೆದದ್ದೇ ತಡ, ಆ ವಾಸನೆಗೆ ಮನಸ್ಸು ಏಳೆಂಟು ವರ್ಷ ಹಿಂದಕ್ಕೆ ಓಡಿತು. ದುಡ್ಡು ಕೊಟ್ಟು ಸಗಣಿ ತಂದವಳೆಂದು ನೀವು ನಗಬಹುದು, ನಗಿ. ನಾನು ಆಕಳನ್ನೇ ಕೊಳ್ಳಲು ಹೋಗಿ ಪೇಚಿಗೆ ಸಿಕ್ಕವಳು.

ಆಗಷ್ಟೇ ನಾವು ಮೆಲ್ಬರ್ನಿನ ಕ್ರೇಗಿಬರ್ನ್ ಆಚೆ ಎರಡು ಎಕರೆ ಜಾಗದ ಹಳೇ ಮನೆ ಕೊಂಡಿದ್ದೆವು. ಧಾರವಾಡದ ಕಡೆಯಿಂದ ಬಂದು ನಮ್ಮೊಡನೆ ನೆಲೆಸಿದ್ದ ಮಾವನವರಿಗೆ ಟಿವಿ ಬೇಡ, ಪಾರ್ಕು ಬೇಡ. ಬೇಲಿಯಾಚೆ ಮೇಯುತ್ತಿದ್ದ ಕೆಂಪು ಆಕಳೊಂದೇ ಬೇಕು. ಅದರ ಯಜಮಾನ ಮೈಕಲ್, ಐರ್ಲೆಂಡಿನಲ್ಲಿ ಹುಟ್ಟಿ ಬೆಳೆದ ಮುದುಕ. ಹೊಲ ಮಾರಿ ಮಗಳ ಮನೆ ಸೇರುವವನಿದ್ದ. ಉಳಿದದ್ದು ಅದೊಂದೇ ಆಕಳು. ಒಳ್ಳೆಯ ಮನೆ ಸಿಗದಿದ್ದರೆ ಸೋಮವಾರ ಕಸಾಯಿಖಾನೆಯ ಲಾರಿ ಬರುವುದಿತ್ತು.

ನಾನೇ ಹೋಗಿ ಕೇಳಿದೆ. ಅವನು ಬೆಲೆ ಹೇಳಿದ. ಸೂಪರ್‌ಮಾರ್ಕೆಟ್ಟಿನ ಅಭ್ಯಾಸ ನೋಡಿ, ಓಕೆ ಎಂದು ಪರ್ಸ್ ತೆಗೆದೆ. ಮೈಕಲ್ ಮುಖ ಗಂಟಿಕ್ಕಿದ.

"ಚೌಕಾಸಿ ಮಾಡದವರಿಗೆ ದನದ ಬಗ್ಗೆ ಏನು ಗೊತ್ತು? ನಾನು ಕೊಡೋದಿಲ್ಲ."

ಮಾವನವರಿಗೆ ಹೇಳಿದರೆ ಅವರೂ ಅವನ ಕಡೆಯೇ. "ಖರೇ ಐತಿ. ಹೇಳಿದ್ದಕ್ಕ ಹೂಂ ಅನ್ನಾಕ ಅದೇನ್ ಬಸ್ ಟಿಕೆಟ್ಟೇನವಾ?"

ಶನಿವಾರ ಮಾವನವರು ತಲೆಗೆ ಪಟಗಾ ಸುತ್ತಿ, ಹೆಗಲಿಗೆ ಟವೆಲ್ ಹಾಕಿ ಹೊರಟರು. ಇಂಗ್ಲಿಷ್ ಒಂದಕ್ಷರ ಬಾರದು. ಆಕಳ ಹಲ್ಲು ನೋಡಿದರು, ಕೆಚ್ಚಲು ಮುಟ್ಟಿದರು, ಮುಖ ಸಿಂಡರಿಸಿದರು. ಮೈಕಲ್ ಅರಳಿದ. ನಮ್ಮ ದನದ ಪೇಟೆಯ ಪದ್ಧತಿಯಂತೆ ಮಾವನವರು ಟವೆಲ್ ಕೆಳಗೆ ಅವನ ಕೈ ಹಿಡಿದು ಬೆರಳು ಒತ್ತಿ ಬೆಲೆ ತಿಳಿಸಿದರು. ಒಂದು ಬೆರಳಿಗೆ ನೂರು ಡಾಲರ್ ಎಂದು ನಾನು ಬಿಡಿಸಿ ಹೇಳಿದೆ. ಮೈಕಲ್ ಕೈ ಕಿತ್ತುಕೊಂಡು ನಡೆದೇಬಿಟ್ಟ; ಬೇಲಿಯವರೆಗೆ ಹೋಗಿ ತಿರುಗಿ ಬಂದ. ಆಮೇಲೆ ನಡೆದುಹೋಗುವ ಸರದಿ ಮಾವನವರದು. ನನಗೆ ಸೋಮವಾರದ ಲಾರಿಯ ಚಿಂತೆ, ಅವರಿಬ್ಬರಿಗೆ ಮಾತ್ರ ಹಬ್ಬ.

ಕೊನೆಗೆ ಬೆಲೆ ಕೂಡಿತು. ಐರ್ಲೆಂಡಿನ ತನ್ನೂರ ಸಂತೆಯಲ್ಲಿ ಅಂಗೈಗೆ ಉಗುಳಿ, ಕೈಗೆ ಕೈ ಹೊಡೆದರೆ ಮಾತ್ರ ವ್ಯಾಪಾರ ಮುಗಿದಂತೆ, ಮೂರನೆಯವರೊಬ್ಬರು ಆ ಕೈಗಳನ್ನು ಕೂಡಿಸಬೇಕು ಎಂದ ಮೈಕಲ್. ಹೇಳಿದವನೇ ಥೂ ಎಂದು ಉಗುಳಿ ಕೈ ಚಾಚಿದ.

ಮಾವನವರೋ, ಎಂಜಲೆಂದರೆ ಮಾರು ದೂರ ಹಾರುವವರು. ನೀರನ್ನೂ ತುಟಿ ತಾಗಿಸದೆ ಎತ್ತಿ ಕುಡಿಯುವವರು. ಅವರ ಕೈ ಹಿಂದೆ ಸರಿಯಿತು. ಮೈಕಲ್ಲನ ಮುಖ ಬಾಡಿತು. ಮೂರನೆಯವಳು ನಾನೇ ತಾನೇ? ಕಾಲಿಗೆ ನಮಸ್ಕರಿಸುವಾಗ ಬಿಟ್ಟರೆ ಮಾವನವರನ್ನು ಎಂದೂ ಮುಟ್ಟದ ಸೊಸೆ, ಅವರ ಕೈಯನ್ನು ಗಬಕ್ಕನೆ ಹಿಡಿದೆ.

"ಮಾವಾರ, ಆಕಳ ಹೋಗತೈತ್ರಿ."

ಅವರು ನನ್ನನ್ನು ನೋಡಿದರು, ಆಕಳನ್ನು ನೋಡಿದರು, ತಮ್ಮ ಅಂಗೈಗೂ ಉಗುಳಿಕೊಂಡರು. ನಾನು ಎರಡೂ ಕೈ ಕೂಡಿಸಿದೆ. ಚಟಾರನೆ ಸದ್ದಾಯಿತು. ಕೊಂಡವರಿಗೆ ಶುಭವಾಗಲೆಂದು ಮೈಕಲ್ ಒಂದು ನಾಣ್ಯವನ್ನು ಮರಳಿ ಕೊಟ್ಟ. ಅವತ್ತಿನ ನನ್ನ ಖುಷಿ ಈ ದೇಶದಲ್ಲಿ ಕಾಯಂ ನೆಲೆಸಲು ಪಿಆರ್ ಬಂದ ದಿನವೂ ಇರಲಿಲ್ಲ.

ಆಕಳನ್ನು ಹೊಡೆದುಕೊಂಡು ಮನೆಗೆ ಬಂದಾಗ ನಲ್ಲಿ ತೋರಿಸಿ, "ಕೈ ತೊಳ್ಕೊಳ್ರಿ ಮಾವಾರ" ಎಂದೆ.

"ತಡೀ ಯವ್ವಾ, ವ್ಯಾಪಾರ ಇನ್ನಾ ಹಸಿ ಐತಿ. ಒಣಗಲಿ."

ಈಗ ಆ ಆಕಳಿಲ್ಲ, ಮಾವನವರ ಕಣ್ಣು ಮಂಜು. ಮೊನ್ನೆ ಗಿಡಕ್ಕೆ ಗೊಬ್ಬರ ಹಾಕಿ ತಿರುಗಿದರೆ ಮೆಟ್ಟಿಲ ಮೇಲೆ, ಇಳಿಯಲು ಆಸರೆಗೆಂದು ಕೈ ಚಾಚಿ ನಿಂತಿದ್ದರು. ನನ್ನ ಕೈ ಹೊಲಸಾಗಿದೆ, ತೊಳೆದು ಬರುತ್ತೇನೆ ಎಂದೆ.

"ಇರಲಿ, ಹಿಡಿ" ಎಂದರು.