ಗುಡ್ಡದ ಮೇಲೆ ಗಂಡಸರ ಅಡುಗೆ

ಆ ಕಾಲದಲ್ಲಿ ಗುಡ್ಡಕ್ಕೆ ಹೋಗುವುದೆಂದರೆ ಈಗಿನವರ ಹಾಗೆ ಬೂಟು ತೊಟ್ಟು, ಬೆನ್ನಿಗೆ ಚೀಲ ಏರಿಸಿ, ತುದಿಯಲ್ಲಿ ಫೋಟೋ ಹೊಡೆಸಿಕೊಂಡು ಬರುವುದಾಗಿರಲಿಲ್ಲ. ಕಂಬಳಿ, ರಾಗಿಹಿಟ್ಟು, ಹುರುಳಿಕಾಳು, ಎರಡು ಮಣ್ಣಿನ ಗಡಿಗೆ, ಇಷ್ಟು ಹೊತ್ತುಕೊಂಡು ಬರಿಗಾಲಲ್ಲಿ ಹೊರಡುತ್ತಿದ್ದೆವು. ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆಗೆ ಹತ್ತಿರದ ಊರು ನಮ್ಮದು. ಸುಗ್ಗಿ ಮುಗಿದು ಬಣವೆ ಒಟ್ಟಿದ ಮೇಲೆ ವರ್ಷಕ್ಕೊಮ್ಮೆ ನಮ್ಮ ಮನೆದೇವರಾದ ರಂಗಪ್ಪನ ಗುಡ್ಡ ಹತ್ತಿ, ಅಲ್ಲೇ ಒಂದು ರಾತ್ರಿ ತಂಗಿ ಬರುವುದು ನಮ್ಮ ಮನೆತನದ ಪದ್ಧತಿ.

ಗುಡ್ಡದ ಮೇಲೆ ಬಂಡೆಗಳ ನಡುವೆ ಮಳೆನೀರು ನಿಲ್ಲುವ ಒಂದು ದೊಣೆ ಇದೆ. ದೊಣೆ ಮುಟ್ಟಿದ ಮೇಲೆ ನಮ್ಮ ಮನೆಯ ಹೆಂಗಸರು ಒಲೆ ಮುಟ್ಟುವಂತಿರಲಿಲ್ಲ. ಗಂಡಸರೇ ನೀರು ತಂದು, ಗಂಡಸರೇ ಬೇಯಿಸಿ, ಹೆಂಗಸರಿಗೆ ಮೊದಲು ಬಡಿಸಬೇಕು. ಅಡುಗೆ ಹೇಗೇ ಇರಲಿ, ಉಂಡವರು ಚೆನ್ನಾಗಿಲ್ಲ ಎಂದು ಹೆಸರಿಡಬಾರದು. ಯಾಕೆ ಎಂದು ಕೇಳಿದರೆ ಅಜ್ಜ ಕಥೆ ಹೇಳುತ್ತಿದ್ದ. ರಂಗಪ್ಪನ ಹೆಂಡತಿ ಮುನಿಸಿಕೊಂಡು ಗುಡ್ಡದ ತುದಿ ಹತ್ತಿ ದೊಣೆಯ ಪಕ್ಕ ಕೂತಳಂತೆ. ರಂಗಪ್ಪ ಹಿಂದೆಯೇ ಹೋಗಿ, ತಾನೇ ಒಲೆ ಹೂಡಿ, ಉಣ್ಣಿಸಿ, ಸಮಾಧಾನ ಮಾಡಿ ಕರೆತಂದನಂತೆ. ಕಥೆ ವರ್ಷ ವರ್ಷವೂ ಸ್ವಲ್ಪ ಬೆಳೆಯುತ್ತಿತ್ತು. ನಿಜವೋ ಸುಳ್ಳೋ, ಅಜ್ಜಿಗೆ ಒಲೆಯಿಂದ ಬಿಡುವು ಸಿಗುತ್ತಿದ್ದುದು ಅದೊಂದೇ ದಿನ. ಮಿಕ್ಕ ದಿನಗಳಲ್ಲಿ ಅವಳು ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಉಣ್ಣುವವಳು.

ನಾನು ಹೇಳುತ್ತಿರುವುದು ಯುದ್ಧದ ಕಾಲದ ಮಾತು. ಸೀಮೆಎಣ್ಣೆಗೆ ಪರದಾಟ, ಅಂಗಡಿಯಲ್ಲಿ ಯಾವುದು ಕೇಳಿದರೂ ಇಲ್ಲ. ನನಗೆ ಎಂಟೋ ಒಂಬತ್ತೋ. ಅವ್ವ ಬಾಣಂತಿಯಾಗಿ ತವರಿನಲ್ಲಿದ್ದಳು, ದನಕರು ನೋಡಿಕೊಳ್ಳಲು ಅಪ್ಪ ಊರಲ್ಲಿ ಉಳಿದ. ಹೊರಟವರು ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಮತ್ತು ನಾನು. ಆ ವರ್ಷ ಅಜ್ಜಿಯ ಮಂಡಿ ಊದಿಕೊಂಡಿತ್ತು.

“ಈ ಸಲ ನೀನು ಮನ್ಯಾಗೇ ಇರವ್ವ. ಅಂಥಾ ಕಾಲು ಇಟ್ಕಂಡು ಹೆಂಗೆ ಹತ್ತೀಯ?” ಎಂದ ಚಿಕ್ಕಪ್ಪ.

“ಕಾಲು ನಂದು, ಹತ್ತೋಳು ನಾನು. ನಿನಗ್ಯಾಕೋ ಮಂಡಿ ನೋವು?” ಎಂದಳು ಅಜ್ಜಿ.

ಬೆಳಗಿನ ತಂಪಿನಲ್ಲೇ ಹತ್ತತೊಡಗಿದೆವು. ಒಣಹುಲ್ಲಿನ ವಾಸನೆ, ಕಾಲಡಿ ಸಿಕ್ಕ ಕಾಡುತುಳಸಿಯ ಘಮ. ನಾನು ಮುಂದೆ ಓಡಿ ಬಾರೆಹಣ್ಣು ಕಿತ್ತು ಲಂಗದ ಮಡಿಲು ತುಂಬಿಕೊಂಡು, ಮುಳ್ಳು ತರಚಿಸಿಕೊಂಡು, ಮತ್ತೆ ಹಿಂದಕ್ಕೆ ಬರುತ್ತಿದ್ದೆ. ಅಜ್ಜಿ ಸಿಕ್ಕ ಸಿಕ್ಕ ಕಲ್ಲಿನ ಮೇಲೆ ಕೂತು, “ಇಲ್ಲಿಂದ ನಮ್ಮೂರು ಎಷ್ಟು ಚೆಂದ ಕಾಣ್ತೈತೆ ನೋಡು ಮಗಾ” ಎನ್ನುವಳು. ಅವಳು ನಮ್ಮೂರನ್ನು ಅಷ್ಟೊಂದು ಮೆಚ್ಚಿಕೊಂಡದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅರ್ಧ ದಾರಿಯಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಚಪ್ಪಟೆ ಬಂಡೆ. ಅಲ್ಲಿ ಕೂತ ಅಜ್ಜಿಗೆ ಮತ್ತೆ ಏಳಲು ಆಗಲಿಲ್ಲ. ಎರಡು ಸಲ ಎದ್ದಳು, ಎರಡು ಸಲವೂ ಕುಸಿದಳು.

“ಕಂಬಳ್ಯಾಗೆ ಕೂರಿಸ್ಕಂಡು ಹೊತ್ಕಂಡು ಹೋಗಾನ” ಎಂದ ಚಿಕ್ಕಪ್ಪ.

“ಬ್ಯಾಡ. ಉಸಿರಿರೋ ಮಟ ಯಾರ ಹೆಗಲ ಮ್ಯಾಲೂ ಹೋಗಲ್ಲ ನಾನು.”

“ಹಂಗಾರೆ ಇಲ್ಲೇ ಏನಾರ ಉಂಡು ವಾಪಸ್ ಇಳಿಯಾನ. ಇನ್ನೇನು ಮಾಡಾಕೆ ಆಗ್ತೈತೆ?”

ಆ ಮಾತು ಕೇಳಿದ್ದೇ ತಡ, ಚಿಕ್ಕಮ್ಮ ಗಂಟು ಇಳಿಸಿ ಒಲೆಗೆ ಕಲ್ಲು ಆರಿಸತೊಡಗಿದಳು. ಯಾರೂ ಹೇಳಬೇಕಾಗಿರಲಿಲ್ಲ. ದೊಣೆ ಮುಟ್ಟಿರಲಿಲ್ಲವಲ್ಲ, ಅಡುಗೆ ಹೆಂಗಸರದೇ. ಅಜ್ಜಿ ಕೂತಲ್ಲಿಂದಲೇ ತೆವಳಿಕೊಂಡು ಹತ್ತಿರ ಹೋಗಿ, “ಹುರುಳಿ ಇತ್ತ ಕೊಡು, ಹಸನು ಮಾಡ್ತೀನಿ” ಎಂದು ಕೈ ಚಾಚಿದಳು. ಅವಳು ಅಳಲಿಲ್ಲ. ಆದರೆ ಸೆರಗಿನಿಂದ ಮುಖ ಒರೆಸಿಕೊಂಡ ರೀತಿ ನೋಡಿ ನನಗೇ ಅಳು ಬಂತು. ಒಂದು ದಿನದ ಬಿಡುವಿಗಾಗಿ ಊದಿದ ಕಾಲಲ್ಲಿ ಅಷ್ಟು ದೂರ ಹತ್ತಿದವಳು ಅವಳು.

ಅಜ್ಜ ಪದ್ಧತಿಯ ವಿಷಯದಲ್ಲಿ ಮಹಾ ಹಠಮಾರಿ. ಒಂದು ವರ್ಷ ದೊಣೆಗೆ ಒಂದು ಮಾರು ಕೆಳಗೆ ಒಲೆ ಹೂಡಿದರೆಂದು ಉರಿಯುವ ಒಲೆಯನ್ನೇ ಕೀಳಿಸಿದವನು. ಈಗ ಅವನು ಒಂದು ಗಡಿಗೆ ಎತ್ತಿಕೊಂಡು ಗುಡ್ಡದ ಮೇಲಕ್ಕೆ ನಡೆದ. ಅಡುಗೆಗೆ ನೀರು ತರಲು ಹೋದನೆಂದುಕೊಂಡೆವು. ಬಿಸಿಲು ಏರಿದ ಮೇಲೆ ಗಡಿಗೆ ಹೆಗಲಲ್ಲಿಟ್ಟುಕೊಂಡು, ಅಂಗಿ ಒದ್ದೆ ಮಾಡಿಕೊಂಡು ಇಳಿದು ಬಂದ. ಬಂದವನು ಗಡಿಗೆಯನ್ನು ಚಿಕ್ಕಮ್ಮನ ಕೈಗೆ ಕೊಡಲಿಲ್ಲ. ಬೇವಿನ ಮರ, ಬಂಡೆ, ಅಜ್ಜಿ ಎಲ್ಲ ಒಳಗೆ ಬರುವ ಹಾಗೆ ಸುತ್ತಲೂ ನೀರಿನ ಗೆರೆ ಹೊಯ್ದ.

“ದೊಣೆ ಇಲ್ಲಿಗೇ ಬಂತು. ಕಲ್ಲು ಕೆಳಗಿಡವ್ವ ತಾಯಿ, ಹೋಗಿ ನಿಮ್ಮತ್ತೆ ಪಕ್ಕ ಕೂತ್ಕ” ಎಂದ ಚಿಕ್ಕಮ್ಮನಿಗೆ. ಚಿಕ್ಕಪ್ಪನ ಕಡೆ ತಿರುಗಿ, “ಏನ್ ನೋಡ್ತಿಯಲೇ? ಒಲೆ ಹೂಡು” ಎಂದ.

“ಅಪ್ಪ, ಪದ್ಧತಿ...”

“ಪದ್ಧತಿ ನನಗೆ ಹೇಳಾಕೆ ಬರಬ್ಯಾಡ. ಹೆಂಡ್ತಿ ಎಲ್ಲಿ ಕೂತ್ಲೋ ರಂಗಪ್ಪ ಅಲ್ಲೇ ಒಲೆ ಹೂಡಿದ. ತುದಿ ಹತ್ತಿಸಿ ಉಣ್ಣಿಸಿದ ಅಂತ ಯಾವನು ಹೇಳ್ದ?”

ಹೇಳಿದವನು ಅವನೇ. ಚಿಕ್ಕಪ್ಪ ಒಲೆಗೆ ಕಲ್ಲು ಜೋಡಿಸಲು ಕೂತ. ಅಜ್ಜಿ ಕೈಯಲ್ಲಿದ್ದ ಹುರುಳಿಯನ್ನು ಹಾಗೆಯೇ ಬಟ್ಟೆಗೆ ಸುರಿದು, ಕಾಲು ಚಾಚಿ, ಬಂಡೆಗೆ ಒರಗಿ ಕೂತಳು. ಅಜ್ಜನ ಕಡೆ ನೋಡಲೂ ಇಲ್ಲ. ನೋಡಿದರೆ ಅತ್ತುಬಿಡುತ್ತಿದ್ದಳೆಂದು ನನಗೆ ಈಗ ಅನಿಸುತ್ತದೆ.

ಅಡುಗೆಯ ಕಥೆ ಕೇಳಬೇಡಿ. ಇಬ್ಬರೂ ಒಲೆ ಊದಿ ಊದಿ ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡರು. ಮುದ್ದೆ ತಿರುವುವ ಕೋಲನ್ನು ಚಿಕ್ಕಪ್ಪ ಮನೆಯಲ್ಲೇ ಮರೆತಿದ್ದ. ಎಸರು ಕುದಿದು ಹಿಟ್ಟು ಸುರಿದ ಮೇಲೆ ಅದು ನೆನಪಾಗಿ, ತಲೆಯ ಮೇಲಿದ್ದ ಹಸಿ ಬೇವಿನ ರೆಂಬೆಯನ್ನೇ ಲಟಕ್ಕನೆ ಮುರಿದು, ಸಿಪ್ಪೆ ಸಮೇತ ಗಡಿಗೆಗೆ ಇಳಿಸಿದ.

“ಅಜ್ಜಿ, ಅದು ಬೇವು...” ಎಂದೆ. ಅಜ್ಜಿ ನನ್ನ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿದಳು.

ಮುತ್ತುಗದ ಎಲೆಯಲ್ಲಿ ಬಿಸಿ ಮುದ್ದೆ, ಹುರುಳಿ ಸಾರು ಮೊದಲು ಅಜ್ಜಿಗೆ ಬಂತು, ಆಮೇಲೆ ಚಿಕ್ಕಮ್ಮನಿಗೆ, ಆಮೇಲೆ ನನಗೆ. ಅಜ್ಜ ಅವಳ ಎದುರಿಗೇ ಕುಕ್ಕರುಗಾಲಲ್ಲಿ ಕೂತು, “ಹೆಂಗೈತೆ?” ಎಂದು ಕೇಳಿದ.

ಅಜ್ಜಿ ತುತ್ತು ನುಂಗಿ, “ಈ ವರ್ಷ ಯುಗಾದಿ ಮುಂಚೇನೇ ಬಂದಂಗೈತೆ ಕಣ್ರೀ” ಎಂದಳು.

ಚಿಕ್ಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗು ತಡೆಯಲಾರದೆ ನನಗೆ ಸಾರು ನೆತ್ತಿಗೆ ಹತ್ತಿತು. ಅಜ್ಜಿ ಮಾತ್ರ ಎಲೆಯಲ್ಲಿ ಒಂದು ಚೂರೂ ಬಿಡದೆ ಉಂಡು, ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡಳು. ಮಧ್ಯಾಹ್ನವೆಲ್ಲ ನನ್ನ ಜೊತೆ ಕಲ್ಲಾಟ ಆಡಿದಳು, ಮೋಸವನ್ನೂ ಮಾಡಿದಳು. ರಾತ್ರಿ ಅಲ್ಲೇ ಕಂಬಳಿ ಹಾಸಿ ಮಲಗಿ, ಬೆಳಿಗ್ಗೆ ನಿಧಾನವಾಗಿ ಇಳಿದು ಬಂದೆವು.

ಮುಂದಿನ ಸುಗ್ಗಿಗೆ ಅಜ್ಜಿ ಇರಲಿಲ್ಲ. ಗುಡ್ಡಕ್ಕೆ ಯಾವಾಗ ಹೋಗುವುದು ಎಂದು ಚಿಕ್ಕಪ್ಪ ಕೇಳಿದಾಗ ಅಜ್ಜ, “ಯಾರಿಗೆ ಬಡಿಸಾಕೆ ಹೋಗಾನ?” ಎಂದ. ನಾವು ಇದ್ದೇವಲ್ಲ ಎಂದು ಕೇಳುವ ಧೈರ್ಯ ನನಗಾಗಲಿ ಚಿಕ್ಕಮ್ಮನಿಗಾಗಲಿ ಇರಲಿಲ್ಲ. ಪದ್ಧತಿ ಅಲ್ಲಿಗೆ ನಿಂತಿತು.

ಈಗ ಗುಡ್ಡದ ತುದಿಯವರೆಗೂ ರಸ್ತೆಯಾಗಿದೆ. ಮೊಮ್ಮಕ್ಕಳು ನನ್ನನ್ನು ಕಾರಿನಲ್ಲೇ ಕರೆದುಕೊಂಡು ಹೋಗಿದ್ದರು. ರಸ್ತೆಯನ್ನು ದೂರುವಷ್ಟು ಗಟ್ಟಿ ಕಾಲು ನನಗೂ ಉಳಿದಿಲ್ಲ. ಮದುವೆಯಾಗಿ ನಾನು ಹೊನ್ನಾಳಿಗೆ ಬಂದೆ. ತುಂಬಿದ ಮನೆ, ಒಳ್ಳೆಯ ಜನ. ನಮ್ಮ ಯಜಮಾನರು ಕೊನೆಯವರೆಗೂ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಆ ಮನೆಯ ದೇವರಿಗೆ ಇಂಥ ಕಥೆ ಇರಲಿಲ್ಲ. ಗಂಡಸರು ಬೇಯಿಸಿ, ತಾವು ಉಣ್ಣುವ ಮೊದಲು ನನ್ನ ಮುಂದಿಟ್ಟ ಬಿಸಿ ಊಟ ಆ ಮುದ್ದೆಯೇ ಕೊನೆಯದು. ಕಹಿಯಾಗಿತ್ತು. ಅಂಥದೇ ಇನ್ನೊಂದು ಸಿಕ್ಕಿದ್ದರೂ ಮಾತಾಡದೆ ಉಣ್ಣುತ್ತಿದ್ದೆ.