ಸಿನಿಮಾ ಪುಸ್ತಕದಿಂದ ಹರಿದ ಹಾಳೆ

ನಮ್ಮ ಮನೆ ಎರಡು ಊರುಗಳಲ್ಲಿ ಹಂಚಿಹೋಗಿದ್ದ ಕಾಲ ಅದು. ಅಪ್ಪನಿಗೆ ತಿರುವನಂತಪುರದಲ್ಲಿ ರಾಕೆಟ್ಟಿನ ಕೆಲಸ, ಅಮ್ಮನಿಗೆ ಕೊಚ್ಚಿಯಲ್ಲಿ ಬ್ಯಾಂಕಿನ ಕೆಲಸ. ಹನ್ನೊಂದು ವರ್ಷದ ನಾನು ಅಪ್ಪನ ಜೊತೆ ಕ್ವಾರ್ಟರ್ಸ್‌ನಲ್ಲಿದ್ದೆ. ಎರಡು ವಾರಕ್ಕೊಮ್ಮೆ ಶನಿವಾರ ಬೆಳಗ್ಗೆ ನಾವಿಬ್ಬರೂ ರೈಲು ಹತ್ತಿ ಕೊಚ್ಚಿಯ ಪಕ್ಕದ ಆಲುವಕ್ಕೆ ಹೋಗುತ್ತಿದ್ದೆವು. ಅಲ್ಲಿ ಮೆಟ್ರೊ ಕಂಬಗಳು ಆಗಷ್ಟೇ ಏಳುತ್ತಿದ್ದವು. ಅಮ್ಮನ ಬಾಡಿಗೆ ಮನೆಯ ಕಿಟಕಿಯ ಸರಳುಗಳ ಮೇಲೆಲ್ಲ ಧೂಳು, ಗಾಳಿ ತಿರುಗಿದರೆ ಏಲೂರ್ ಕಾರ್ಖಾನೆಗಳ ಕಡೆಯಿಂದ ಮೂಗು ಚುರುಗುಟ್ಟಿಸುವ ವಾಸನೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ವಾಸನೆ ಬಂದರೆ ಅಮ್ಮನ ಮನೆ ಬಂತು ಅಂತ ಖುಷಿಯಾಗುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ಸಿನಿಮಾ ಪುಸ್ತಕವಿತ್ತು. ದಪ್ಪ ರಟ್ಟಿನ, ನಡುವೆ ದಾರದಿಂದ ಹೊಲಿದ ನೋಟ್‌ಬುಕ್. ಯಾವ ಸಿನಿಮಾ ನೋಡಿದರೂ ಅದರಲ್ಲಿ ಒಬ್ಬೊಬ್ಬರು ಒಂದೊಂದು ಹಾಳೆ ಬರೆಯಬೇಕು, ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಕು. ಎಲ್ಲರೂ ಬರೆದು ಮುಗಿಸುವ ತನಕ ಆ ಸಿನಿಮಾದ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಈ ಕಾನೂನು ಅಮ್ಮನದು. ಥಿಯೇಟರಿನ ಮೆಟ್ಟಿಲು ಇಳಿಯುವಾಗಲೇ ಅಪ್ಪ ತಪ್ಪುಗಳನ್ನು ಪಟ್ಟಿ ಮಾಡಲು ಶುರುಮಾಡುತ್ತಿದ್ದರು. ಅವರು ಮಾತಾಡಿದ ಮೇಲೆ ತಾನು ನೋಡಿದ ಸಿನಿಮಾ ತನಗೆ ಉಳಿಯುವುದಿಲ್ಲ ಅನ್ನುವುದು ಅಮ್ಮನ ದೂರು. ಕಾನೂನು ಬಂದ ಮೇಲೆ ಅಪ್ಪ ಬರೆಯುವುದನ್ನು ಕಲಿತರು. ಬಾಯಲ್ಲಿ ಹೇಳಲಾಗದ್ದನ್ನೂ ಅದರಲ್ಲೇ ಬರೆಯುತ್ತಿದ್ದರು.

ಆ ವರ್ಷ ಬಂದದ್ದು ನಾವೆಲ್ಲ ಕಾಯುತ್ತಿದ್ದ ಚಿತ್ರ. ಅದರ ಮೊದಲ ಭಾಗ ಕ್ವಾರ್ಟರ್ಸ್‌ನ ಮಕ್ಕಳಿಗೆಲ್ಲ ಬಾಯಿಪಾಠ. ಸತ್ತ ಚಂದ್ರನೊಂದರ ಮೇಲೆ ಒಬ್ಬಳೇ ಇರುವ ಕ್ಯಾಪ್ಟನ್, ಅವಳ ಗೂಡಿನಂಥ ಠಾಣೆ, ಅಲ್ಲಿಂದ ಭೂಮಿಗೆ ಕಳಿಸುವ ಸಂದೇಶಗಳು. ಅವಳು ಯಾರು, ಎಲ್ಲಿಯವಳು, ಮನೆಯಲ್ಲಿ ಯಾರಿದ್ದಾರೆ, ಏನನ್ನೂ ಹೇಳುವುದಿಲ್ಲ. ನಾವು ಟೆರೇಸಿನ ನೀರಿನ ಟ್ಯಾಂಕನ್ನೇ ಠಾಣೆ ಮಾಡಿಕೊಂಡು ಆಡುತ್ತಿದ್ದೆವು. ಕ್ಯಾಪ್ಟನ್ ಯಾವಾಗಲೂ ನಾನೇ. ಹೊಸ ಚಿತ್ರ ಅದಕ್ಕಿಂತ ಮುಂಚಿನ ಕಥೆ, ಅವಳು ಅಲ್ಲಿಗೆ ಹೋದದ್ದು ಹೇಗೆ ಅಂತ. ಅದರಲ್ಲಿ ಗೊತ್ತಾಯಿತು, ಅವಳಿಗೆ ಒಬ್ಬ ಗಂಡನಿದ್ದ, ಏಳು ವರ್ಷದ ಮಗಳೂ ಇದ್ದಳು. ಅವರನ್ನು ಬಿಟ್ಟು ಹೋಗಿದ್ದಳು.

ನಾನೂ ಅಪ್ಪನೂ ತಿರುವನಂತಪುರದಲ್ಲಿ ನೋಡಿದೆವು, ಅಮ್ಮ ಅದೇ ದಿನ ಅದೇ ಹೊತ್ತಿಗೆ ಕೊಚ್ಚಿಯಲ್ಲಿ. ಮಾರನೆಯ ದಿನದಿಂದ ಕ್ವಾರ್ಟರ್ಸ್ ಎರಡು ಪಕ್ಷವಾಯಿತು. ಪಕ್ಕದ ಮನೆಯ ಮ್ಯಾಥ್ಯೂ ಅಂಕಲ್, ಅಪ್ಪನ ಜೊತೆ ಕೆಲಸ ಮಾಡುವವರು, ಪೇಪರ್ ಮಡಚುತ್ತ, "ಆದ್ಯತ್ತೆ ಪಡಂ ಮತಿಯಾಯಿರುನ್ನು" ಅಂದರು. ಮೊದಲನೆಯ ಚಿತ್ರವೇ ಸಾಕಿತ್ತು, ಎಲ್ಲವನ್ನೂ ಬಿಡಿಸಿ ಹೇಳಿ ಕೆಡಿಸಿದರು ಅಂತ. ಅವರ ಹೆಂಡತಿಗೆ ಈ ಚಿತ್ರವೇ ಮೇಲು. ಎರಡು ದಿನ ಆ ಮನೆಯಲ್ಲಿ ಗಂಡ ಹೆಂಡತಿ ಮುಖ ತಿರುಗಿಸಿಕೊಂಡಿದ್ದರು. ಅಪ್ಪ ಮಾತ್ರ ಕಾನೂನಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ, ಆದರೆ ಚಿತ್ರದ ರಾಕೆಟ್ಟಿನ ಇಂಧನದ ವಿಷಯ ಬಂದಾಗ ತಲೆಯಾಡಿಸುವ ರೀತಿಯಲ್ಲೇ ಅವರು ಯಾವ ಪಕ್ಷ ಅಂತ ಎಲ್ಲರಿಗೂ ಗೊತ್ತಾಗಿಹೋಯಿತು.

ನಮ್ಮ ಆಟವೂ ಒಡೆಯಿತು. ಮ್ಯಾಥ್ಯೂ ಅಂಕಲ್ ಮಗಳು ಅಂಜು, ಇನ್ನು ಮೇಲೆ ತಾನೇ ಕ್ಯಾಪ್ಟನ್ ಅಂದಳು. ನಾನು ಒಪ್ಪಲಿಲ್ಲ. ಆಗ ಅವಳು ಎಲ್ಲರೆದುರು, ನೀನು ಕ್ಯಾಪ್ಟನ್ ಬಿಟ್ಟುಹೋದ ಮಗಳು, ನಿನ್ನ ಅಮ್ಮ ಹೇಗೂ ಇಲ್ಲಿಲ್ಲವಲ್ಲ ಅಂದುಬಿಟ್ಟಳು. ಕೆಟ್ಟದ್ದನ್ನು ಆಡಬೇಕು ಅಂತ ಆಡಿದ ಮಾತಲ್ಲ ಅದು, ಲೆಕ್ಕ ಸರಿಯಾಗಿತ್ತು ಅಷ್ಟೆ. ನಾನು ಟೆರೇಸಿನಿಂದ ಇಳಿದು ಬಂದವಳು ಮತ್ತೆ ಹತ್ತಲಿಲ್ಲ.

ಅಂಜುವಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ನನಗೆ ಗೊತ್ತಿತ್ತು. ಅಮ್ಮನಿಗೆ ಬಡ್ತಿ ಬಂದಿತ್ತು. ಒಪ್ಪಿಕೊಂಡರೆ ಮೂರು ವರ್ಷ ಗುವಾಹಟಿ. ಬೇಡವೆಂದು ಬರೆದುಕೊಟ್ಟರೆ ಇದ್ದ ಹುದ್ದೆಯಲ್ಲೇ ತಿರುವನಂತಪುರಕ್ಕೆ ವರ್ಗ ಕೇಳಬಹುದು. ಸೋಮವಾರದೊಳಗೆ ಉತ್ತರ ಕೊಡಬೇಕು. ಫೋನಿನಲ್ಲಿ ಅಮ್ಮ ಕೇಳಿದಾಗಲೆಲ್ಲ ಅಪ್ಪ, "ನಿನ್ನಿಷ್ಟ ಕಣೆ" ಅನ್ನುತ್ತಿದ್ದರು. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ನೀರು ನೀರಾದ ಹುಳಿಯಲ್ಲಿ ಸುಮ್ಮನೆ ಸೌಟಾಡಿಸುತ್ತಿದ್ದರು.

ಆ ಶನಿವಾರದ ರೈಲಿನಲ್ಲಿ ಸಿನಿಮಾ ಪುಸ್ತಕ ನನ್ನ ಬ್ಯಾಗಿನಲ್ಲಿತ್ತು. ಪಳಂಪೊರಿ ತಿಂದು ಅಪ್ಪ ಕೂತಲ್ಲೇ ಕಣ್ಣು ಮುಚ್ಚಿದರು. ಕೊಲ್ಲಂ ದಾಟಿತ್ತು. ಬಾಳೆಹಣ್ಣು ಕರಿದ ಎಣ್ಣೆಯ ಕೈಯನ್ನು ಫ್ರಾಕಿಗೆ ಒರೆಸಿಕೊಂಡು ಪುಸ್ತಕ ತೆಗೆದೆ. ಅಪ್ಪನ ಹಾಳೆ ಓದಿದೆ.

ನಾಲ್ಕು ಅಂಕ ಕೊಟ್ಟಿದ್ದರು. ಇಂಧನದ ಲೆಕ್ಕ ತಪ್ಪು, ಹೊರಡುವ ಕೋನ ತಪ್ಪು, ಮೊದಲ ಚಿತ್ರದಲ್ಲಿ ಅವಳ ಮೌನಕ್ಕಿದ್ದ ತೂಕವನ್ನು ಇದು ಕಳೆಯಿತು ಅಂತೆಲ್ಲ ಇತ್ತು. ನಡುವೆ ಒಂದು ಗೆರೆ ಬಿಟ್ಟು ಕೆಳಗೆ ಹೀಗೆ ಬರೆದಿದ್ದರು: "ಆದರೆ ಅವಳು ಹೊರಟದ್ದು ಸರಿ. ಹಿಂದೆ ಉಳಿದ ಗಂಡನನ್ನು ಅಷ್ಟು ಪೆಚ್ಚಾಗಿ ತೋರಿಸಬೇಕಿರಲಿಲ್ಲ. ಮಗಳನ್ನು ಅವನು ನೋಡಿಕೊಳ್ಳಬಲ್ಲ. ನಾನು ನೋಡಿಕೊಳ್ಳುತ್ತೇನೆ. ನೀನು ಹೋಗು."

ತಲೆಯೆತ್ತಿ ನೋಡಿದೆ, ಅಪ್ಪ ಇನ್ನೂ ನಿದ್ದೆಯಲ್ಲಿದ್ದರು. ಹಾಳೆಯನ್ನು ಹೊಲಿಗೆಯ ಉದ್ದಕ್ಕೂ ನಿಧಾನವಾಗಿ ಹರಿದೆ. ಹಿನ್ನೀರಿನ ಪಕ್ಕದಲ್ಲಿ ರೈಲು ಹೋಗುತ್ತಿತ್ತು. ಮಡಚಿ, ಕಿಟಕಿಯ ಸರಳಿನ ಸಂದಿಯಿಂದ ಬಿಟ್ಟೆ. ಪುಸ್ತಕದ ಮುಂದಿನ ಭಾಗದಲ್ಲಿ, ಅದರ ಜೋಡಿ ಹಾಳೆ ಸಡಿಲಾಗಿ ಹೊರಗೆ ಇಣುಕಿತು. ಅದನ್ನು ಒಳಗೆ ತಳ್ಳಿ ಪುಸ್ತಕ ಮುಚ್ಚಿದೆ.

ಅಮ್ಮನ ಮನೆಯ ಬೀರುವಿನಲ್ಲಿ ಹೊಸ ಸ್ವೆಟರ್ ನೇತಾಡುತ್ತಿತ್ತು. ಕೊಚ್ಚಿಯಲ್ಲಿ ಸ್ವೆಟರ್ ಯಾರಿಗೆ ಬೇಕು? ನೋಡಿದ್ದೇ ನಾನು ಮಾಡಿದ್ದು ಸರಿ ಅನ್ನಿಸಿತು.

ಭಾನುವಾರ ಬೆಳಗ್ಗೆ ಅಪ್ಪ ಹಾಲು ತರಲು ಹೋದಾಗ ಅಮ್ಮ ಊಟದ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ತನ್ನ ಹಾಳೆ ಬರೆದಳು. ಒಂಬತ್ತು ಅಂಕ. ಬರೆದು ಮುಗಿಸಿ ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ಹೊಲಿಗೆಯ ಹತ್ತಿರ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು. ನಾನು ಅಕ್ಕಿಹಿಟ್ಟಿನ ಪುಟ್ಟು ಇದ್ದ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಅಪ್ಪನಿಗೆ ಸಿನಿಮಾ ಹೇಗೆ ಅನ್ನಿಸಿತು?" ಅಮ್ಮ ಕೇಳಿದಳು. ಕಾನೂನು ಮಾಡಿದವಳೇ ಕಾನೂನು ಮುರಿದಿದ್ದಳು.

"ಇಷ್ಟ ಆಗ್ಲಿಲ್ಲ," ಅಂದೆ. ಅದು ಸುಳ್ಳಾಗಿರಲಿಲ್ಲ.

"ಅವಳು ಬಿಟ್ಟು ಹೋದದ್ದು ಇಷ್ಟ ಆಗ್ಲಿಲ್ಲವಾ?"

ನಾನು ಹೌದೆಂದು ತಲೆಯಾಡಿಸಿದೆ. ಅಮ್ಮ ಪುಸ್ತಕ ಮುಚ್ಚಿ ನನ್ನ ಬ್ಯಾಗಿನ ಒಳಗಿಟ್ಟು, ಕಡಲೆಕರಿಗೆ ಉಪ್ಪು ಸಾಕಾ ಅಂತ ಕೇಳಿದಳು.

ಹಾಲು ತಂದ ಮೇಲೆ ಅಪ್ಪ ಪುಸ್ತಕ ಇದ್ದ ಬ್ಯಾಗಿನ ಕಡೆ ಆಗಾಗ ನೋಡುತ್ತಿದ್ದರು. ಅಮ್ಮ ಅಪ್ಪನ ಮುಖ ನೋಡುತ್ತಿದ್ದಳು. ಒಬ್ಬರು ಬಾಯಿ ತೆರೆದರೆ ನನ್ನ ಗುಟ್ಟು ರಟ್ಟಾಗುತ್ತದೆ ಅಂತ ನಾನು ಇಬ್ಬರ ನಡುವೆಯೇ ಸುತ್ತುತ್ತಿದ್ದೆ. ಹೊಟ್ಟೆನೋವು ಅಂದೆ, ಲೆಕ್ಕ ಹೇಳಿಕೊಡಿ ಅಂದೆ, ಅಮ್ಮನ ಸೆರಗು ಬಿಡಲಿಲ್ಲ. ಮಧ್ಯಾಹ್ನ ಆಲುವ ಸ್ಟೇಷನ್ನಿನಲ್ಲಿ ಅಪ್ಪ ಕೊನೆಗೂ ಅಮ್ಮನನ್ನು ಕೇಳಿದರು.

"ಪುಸ್ತಕ ನೋಡ್ದೆಯಾ?"

"ನೋಡಿದೆ."

"ಮತ್ತೆ?"

"ಮತ್ತೆ ಎಂತ? ನಾಳೆ ಬ್ಯಾಂಕಿಗೆ ಬೇಡ ಅಂತ ಬರೆದು ಕೊಡ್ತೇನೆ."

ಅಪ್ಪ ಇನ್ನೇನೋ ಹೇಳಲು ಹೊರಟರು. ರೈಲು ಬಂತು ಅಂತ ನಾನು ಅವರ ಕೈ ಹಿಡಿದು ಎಳೆದೆ. ರೈಲು ಇನ್ನೂ ದೂರದಲ್ಲಿತ್ತು.

ಅಮ್ಮ ಬಡ್ತಿ ಬೇಡವೆಂದು ಬರೆದುಕೊಟ್ಟಳು. ಆ ಬೇಸಿಗೆಗೆ ತಿರುವನಂತಪುರಕ್ಕೆ ಬಂದಳು. ದಿನಾ ನನ್ನ ತಲೆ ಬಾಚಿದಳು, ಪತ್ರೊಡೆ ಮಾಡಿದಳು, ಪರೀಕ್ಷೆಗೆ ಬೆಳಗ್ಗೆ ಎಬ್ಬಿಸಿದಳು. ನಾನು ಬೇಡಿದ್ದೆಲ್ಲ ಸಿಕ್ಕಿತು. ಆದರೆ ಸಿನಿಮಾ ಪುಸ್ತಕದಲ್ಲಿ ಆಮೇಲೆ ಯಾರೂ ಬರೆಯಲಿಲ್ಲ. ಥಿಯೇಟರಿನ ಮೆಟ್ಟಿಲು ಇಳಿಯುವಾಗ ಅಪ್ಪ ತಪ್ಪು ಹುಡುಕುವುದನ್ನೂ ಬಿಟ್ಟರು. ಅಮ್ಮನಿಗಿಂತ ಕಿರಿಯರು ಅವಳಿಗೆ ಮೇಲಧಿಕಾರಿಗಳಾಗಿ ಬಂದರು, ಹೋದರು. ಅವಳು ಇದ್ದ ಹುದ್ದೆಯಲ್ಲೇ ನಿವೃತ್ತಳಾದಳು.

ಹೋದ ತಿಂಗಳು ರಜೆಯಲ್ಲಿ ಮನೆಗೆ ಹೋಗಿದ್ದಾಗ ಅದೇ ಚಿತ್ರ ಟಿವಿಯಲ್ಲಿ ಬಂತು. ಮೂವರೂ ಕೂತು ನೋಡಿದೆವು. ಕ್ಯಾಪ್ಟನ್ ಮಗಳ ಕೆನ್ನೆ ಮುಟ್ಟಿ ಹೊರಡುವ ಹೊತ್ತಿಗೆ ಅಮ್ಮ ಅಪ್ಪನ ಕಡೆ ತಿರುಗದೆ, "ನಿಮಗೆ ಇದು ಸೇರಲಿಲ್ಲ ಅಲ್ವಾ?" ಅಂದಳು. ಅಪ್ಪ, "ಬರೆದಿದ್ನಲ್ಲ" ಅಂದರು. ಇಬ್ಬರ ನಡುವೆ ಕೂತಿದ್ದ ನನಗೆ ಈ ಸಲ ಅಪ್ಪನ ಕೈ ಹಿಡಿದು ಎಳೆಯಲು ಯಾವ ರೈಲೂ ಇರಲಿಲ್ಲ. ಟಿವಿಯ ಶಬ್ದ ಕಡಿಮೆ ಮಾಡಿ, ಅಪ್ಪನ ಹಾಳೆ ಹರಿದದ್ದು ನಾನೇ ಅಂತ ಹೇಳಿದೆ. ಹಾಳೆಯ ಮಾತುಗಳು ನನಗೆ ಬಾಯಿಪಾಠವಾಗಿದ್ದವು. ಅಂಕದಿಂದ ಹಿಡಿದು ಕೊನೆಯ ಎರಡು ಪದಗಳ ತನಕ ಒಪ್ಪಿಸಿದೆ.

ಅಮ್ಮ ಟಿವಿ ಆರಿಸಿದಳು. ಆಮೇಲೆ ಅಂದಳು, "ಹಾಳೆ ಹರಿದದ್ದು ನನಗೆ ಅವತ್ತೇ ಕಂಡಿತ್ತು. ಕೈಗೆ ಕೊಡಲಾಗದಂಥದ್ದು ಎಂತದೋ ಬರೆದು, ಅಪ್ಪನೇ ಹರಿದು ಬಿಸಾಡಿದ್ದಾರೆ ಅಂತ ಗ್ರಹಿಸಿದೆ."

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸುತ್ತಿದ್ದರು. "ನಾನು, ನೀನು ಓದಿಯೂ ಬೇಡ ಅಂದೆ ಅಂದ್ಕೊಂಡಿದ್ದೆ," ಅಂದರು.

ಹನ್ನೆರಡು ವರ್ಷ ಅವರಿಬ್ಬರೂ ಒಂದೇ ಮನೆಯಲ್ಲಿ, ಒಬ್ಬರ ಬಗ್ಗೆ ಒಬ್ಬರು ತಪ್ಪು ತಿಳಿದುಕೊಂಡೇ ಬದುಕಿದ್ದರು. ಒಮ್ಮೆಯೂ ಅದಕ್ಕಾಗಿ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ಆಲುವದಿಂದ ಮೆಟ್ರೊ ಓಡುತ್ತದೆ, ತಿರುವನಂತಪುರದ ಹತ್ತಿರ ವಿಳಿಂಜಂ ಬಂದರಿನಲ್ಲಿ ದೊಡ್ಡ ದೊಡ್ಡ ಹಡಗುಗಳು ನಿಲ್ಲುತ್ತವೆ. ಹನ್ನೊಂದು ವರ್ಷದ ಹುಡುಗಿ ಏನು ತಾನೇ ತಿಳಿದು ಮಾಡುತ್ತಾಳೆ ಅಂತ ನನಗೆ ನಾನೇ ಹೇಳಿಕೊಂಡದ್ದುಂಟು. ತಿಳಿದೇ ಮಾಡಿದ್ದೆ. ಆಮೇಲಿನ ರಾತ್ರಿಗಳಲ್ಲಿ ಅಮ್ಮ ಪಕ್ಕದಲ್ಲಿ ಮಲಗಿದ್ದ ಸುಖವನ್ನು ಇವತ್ತಿಗೂ ವಾಪಸು ಕೊಡಲು ನನಗೆ ಮನಸ್ಸಿಲ್ಲ. ನಾಚಿಕೆಯಾಗುವುದು ಅದಕ್ಕೇ.

ಹೊರಡುವ ದಿನ ಅಮ್ಮ ಬೀರುವಿನಿಂದ ಆ ಸ್ವೆಟರ್ ತೆಗೆದು ನನ್ನ ಚೀಲದಲ್ಲಿಟ್ಟಳು. ಒಮ್ಮೆಯೂ ಹಾಕದ್ದು, ಚೀಟಿಯೂ ಕಿತ್ತಿರಲಿಲ್ಲ. ಜಿಪ್ ಎಳೆಯುತ್ತ ಹೇಳಿದಳು.

"ಆ ಹಾಳೆ ಓದಿದ್ದರೆ ನಾನು ಹೋಗ್ತಿದ್ದೆ, ಪುಟ್ಟಿ."