ಮೀಟರಕ್ಕ ಕಪ್ಪು ಹಾಕಲ್ಲ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಾಡಿಗಳ ಗಾಜಿಗೆ ಫಿಲ್ಮ್ ಅಂಟಿಸುವ ಹೆಂಗಸನ್ನು ಎಲ್ಲರೂ ಮೀಟರಕ್ಕ ಅನ್ನುತ್ತಿದ್ದರು. ಪ್ರೀತಿಯಿಂದ ಇಟ್ಟ ಹೆಸರೇನಲ್ಲ ಅದು. ಯಾವ ಗಾಡಿ ಬಂದರೂ ಮೊದಲು ಗಾಜನ್ನು ಅರ್ಧ ಇಳಿಸಿ, ಬೆಳಕು ಅಳೆಯುವ ಮೀಟರಿನ ಎರಡು ತುಂಡುಗಳನ್ನು ಆಚೆಗೊಂದು ಈಚೆಗೊಂದು ಕಚ್ಚಿಸಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಅಂಕಿ ಓದುವಳು. ಮುಂದಿನ ಗಾಜಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬೆಳಕು ಹಾಯಬೇಕು, ಪಕ್ಕದ ಗಾಜುಗಳಲ್ಲಿ ಐವತ್ತು. ಅಲ್ಲಿಯ ಕಾನೂನು ಅದು. ಐವತ್ತಕ್ಕೆ ಒಂದು ಕಡಿಮೆಯಾಗುತ್ತದೆ ಅಂತ ಕಂಡರೂ ಫಿಲ್ಮಿನ ಸುರುಳಿಯನ್ನು ಸುತ್ತಿ ಪಕ್ಕಕ್ಕಿಡುವಳು.

"ಒಂದು ಕಡಿಮೆಯಾದ್ರೆ ಏನಾಗುತ್ತಕ್ಕ?" ಅಂತ ಯಾರಾದರೂ ಗೊಣಗಿದರೆ, "ತೋಳು ಒಂದಿಂಚು ಕಡಿಮೆ ಇರೋ ಅಂಗಿ ಹೊಲಿದುಕೊಟ್ಟರೆ ಸುಮ್ನೆ ಹಾಕ್ಕೊಂಡು ಹೋಗ್ತೀರಾ?" ಅನ್ನುವಳು.

ಅವಳು ದರ್ಜಿಯ ಮಗಳು. ಅಪ್ಪ ಬಟ್ಟೆಗೆ ಮಾಡುತ್ತಿದ್ದಂತೆ ಅವಳು ಒಂದೊಂದು ಗಾಡಿಯ ಗಾಜಿಗೂ ಕಾಗದದಲ್ಲಿ ಅಚ್ಚು ಕತ್ತರಿಸಿ ಗೋಡೆಯ ಮೊಳೆಗಳಿಗೆ ನೇತುಹಾಕಿದ್ದಳು. ಫಿಲ್ಮನ್ನು ಮೇಜಿನ ಮೇಲೆ ಹಾಸಿ, ಅಚ್ಚಿಟ್ಟು ಕತ್ತರಿಸಿ, ಆಮೇಲೆ ಒಯ್ದು ಅಂಟಿಸುವಳು. ಉಳಿದವರು ಫಿಲ್ಮನ್ನು ಗಾಜಿನ ಮೇಲೇ ಹರಡಿ ಅಂಚಿನುದ್ದಕ್ಕೂ ಚಾಕು ಎಳೆಯುತ್ತಾರೆ. ಬೇಗ ಆಗುತ್ತದೆ, ಆದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಚಾಕು ಒಂದು ಗಾಜನ್ನೂ ಮುಟ್ಟಿರಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಅಳತೆಗೆ ಸರಿಹೋಗೋರು ಸಿಗಲಿಲ್ಲ" ಅಂದುಬಿಡುವಳು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ.

ಅಕ್ಕನ ಗಂಡ, ಅಂದರೆ ಅವಳ ಭಾವ, ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದ. ಒಂದು ಬೆಳಿಗ್ಗೆ ವ್ಯಾನನ್ನು ನೇರ ಅವಳ ಅಂಗಡಿ ಮುಂದೆ ತಂದು ನಿಲ್ಲಿಸಿ, "ಸುತ್ತಲೂ ಒಳ್ಳೆ ಕಪ್ಪು ಬಡಿದುಬಿಡು. ಒಳಗಿಂದು ಹೊರಗೆ ಕಾಣಬಾರದು" ಅಂದ.

"ಯಾಕೆ ಭಾವ? ಬಿಸಿಲು ಹೊಡೆಯುತ್ತಾ?"

"ಹೂಂ, ಬಿಸಿಲು. ಮಕ್ಕಳು ಬೆಂದು ಹೋಗ್ತಾರೆ."

"ಬಿಸಿಲಿಗೆ ಕಪ್ಪೇ ಆಗಬೇಕು ಅಂತ ಯಾರು ಹೇಳಿದ್ದು? ತಿಳಿಯಾಗಿರೋ ಫಿಲ್ಮೇ ಶಾಖ ತಡೆಯುತ್ತೆ. ನೋಡಿ ಬೇಕಾದ್ರೆ." ಅವಳು ಫಿಲ್ಮ್ ಪರೀಕ್ಷಿಸುವ ಶಾಖದ ದೀಪ ಹಚ್ಚಿ, ತಿಳಿ ಫಿಲ್ಮಿನ ತುಂಡೊಂದನ್ನು ಅಡ್ಡ ಹಿಡಿದು, ಭಾವನ ಅಂಗೈಯನ್ನು ಅದರ ಹಿಂದೆ ಇರಿಸಿದಳು. ಬಿಸಿ ತಾಗಲಿಲ್ಲ, ಆದರೂ ಭಾವ ಕೈ ಎಳೆದುಕೊಂಡ.

ಅವಳು ವ್ಯಾನಿನ ಬಾಗಿಲು ಸರಿಸಿ ಒಳಗೆ ಇಣುಕಿದಳು. ಸೀಟುಗಳ ನಡುವೆ ಮರದ ಹಲಗೆಗಳನ್ನು ಅಡ್ಡಡ್ಡ ಬಡಿದಿದ್ದ. ಹದಿನಾಲ್ಕು ಮಕ್ಕಳ ವ್ಯಾನು ಅದು. ಹಲಗೆಗಳ ಲೆಕ್ಕ ಹಿಡಿದರೆ ಇಪ್ಪತ್ತಮೂರು ಕೂರಬಹುದು.

"ಓ, ಈ ಬಿಸಿಲಾ ನಿಮ್ಮನ್ನ ಸುಡ್ತಿರೋದು?" ಅಂದಳು. "ಆಗಲ್ಲ ಭಾವ."

"ಮನೆಯವನಿಗೇ ಆಗಲ್ಲ ಅಂತೀಯಾ?"

"ಮನೆಯವರಿಗಾದ್ರೂ ಬೀದಿಯವರಿಗಾದ್ರೂ ಐವತ್ತೇ."

ಭಾವ ವ್ಯಾನು ತಿರುಗಿಸಿಕೊಂಡು ಹೋದ. ಮಾರನೇ ದಿನ ಅಕ್ಕ ಬಂದಳು. ತಂಗಿಯ ಮುಂದೆ ಸ್ಟೂಲ್ ಎಳೆದು ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಒಂದು ಸಲ ಮಾಡಿಕೊಡೇ. ಮನೆಯಲ್ಲಿ ನನ್ನ ಜೀವ ತಿಂತಿದಾರೆ. ಯಾರು ಅಳೆಯೋಕೆ ಬರ್ತಾರೆ?" ಅಂದಳು.

"ನಾನೇ ಅಳೆಯೋಳು. ನನಗೆ ಗೊತ್ತಾಗುತ್ತಲ್ಲ, ಸಾಲದಾ?"

"ನಿನ್ನ ಹಠ ನಿನಗೆ ದೊಡ್ಡದು. ನನ್ನ ಸಂಸಾರ ಏನಾದ್ರೇನು."

"ಅಕ್ಕ, ನೀನು ಬೇರೆ ಏನೇ ಕೇಳು, ಕೊಡ್ತೀನಿ. ಇದೊಂದು ಬೇಡ."

ಆ ವಾರವೇ ಭಾವ ಕೋಣೆ ಖಾಲಿ ಮಾಡು ಅಂದ. ಅವಳು ಮಂಚ, ಟ್ರಂಕು, ಅಪ್ಪನ ಹೊಲಿಗೆ ಯಂತ್ರ, ಮೂರನ್ನೂ ತಳ್ಳುಗಾಡಿಯಲ್ಲಿ ತಂದು ಅಂಗಡಿಯ ಅಟ್ಟದ ಮೇಲೆ ಹಾಕಿಕೊಂಡಳು. ಅಟ್ಟದಲ್ಲಿ ನೇರ ನಿಂತರೆ ತಲೆ ತಗಡಿಗೆ ಬಡಿಯುತ್ತಿತ್ತು. "ಬಗ್ಗಿ ನಡೆಯೋದು ಇಲ್ಲಿ ಮಾತ್ರ" ಅಂತ ಪಕ್ಕದ ಟ್ಯಾಕ್ಸಿ ಸ್ಟ್ಯಾಂಡಿನವರ ಮುಂದೆ ನಕ್ಕಳು. ಮೂರು ದಿನ ಬಿಟ್ಟು ನೋಡಿದರೆ ಭಾವನ ವ್ಯಾನು ಅಮಾವಾಸ್ಯೆಯಂತೆ ಕಪ್ಪಾಗಿ ಬೀದಿಯಲ್ಲಿ ಹಾದುಹೋಯಿತು. ಎದುರಂಗಡಿಯವನು ಅವಳತ್ತ ನೋಡಿ ಹಲ್ಲು ಕಿರಿದ. ಅವನದೂ ಫಿಲ್ಮ್ ಅಂಗಡಿಯೇ, ಕೇಳಿದ್ದನ್ನೆಲ್ಲ ಹಾಕಿಕೊಡುವುದು ಅವನ ವ್ಯಾಪಾರ.

ಅದಾಗಿ ಒಂದು ತಿಂಗಳಿಗೆ ಆಗಬಾರದ್ದು ಆಯಿತು. ಭಾವ ಬೆಳಿಗ್ಗೆ ಮಕ್ಕಳನ್ನು ಶಾಲೆಯಲ್ಲಿ ಇಳಿಸಿ, ವ್ಯಾನನ್ನು ಕಾಂಪೌಂಡಿನ ಹಿಂದೆ ಬಿಸಿಲಲ್ಲಿ ನಿಲ್ಲಿಸಿ, ಬೀಗ ಹಾಕಿಕೊಂಡು ಚಹಾಕ್ಕೆ ಹೋದ. ಕೊನೆಯ ಹಲಗೆಯ ಹಿಂದೆ, ನೆಲದ ಮೇಲೆ, ಐದು ವರ್ಷದ ಹುಡುಗಿಯೊಬ್ಬಳು ಚೀಲಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಶಾಲೆಯ ಆಯಾ ಆ ಕಡೆ ಬಕೆಟ್ಟು ಹಿಡಿದು ಹೋಗುತ್ತಿದ್ದವಳು ಟಕ್ ಟಕ್ ಅನ್ನುವ ಸದ್ದು ಕೇಳಿ ನಿಂತಳು. ಗಾಜಿಗೆ ಮುಖವಿಟ್ಟು ನೋಡಿದರೆ ಅವಳ ಮುಖವೇ ಅವಳಿಗೆ ಕಂಡಿತು, ಒಳಗಿನದೇನೂ ಕಾಣಲಿಲ್ಲ. ಸದ್ದು ನಿಂತಿತು. ಆಗ ಅವಳು ಹಿಂದುಮುಂದು ನೋಡದೆ ಕಲ್ಲೆತ್ತಿ ಹಿಂದಿನ ಗಾಜನ್ನು ಒಡೆದಳು. ಮಗು ಬೆವರಿ ತೊಪ್ಪೆಯಾಗಿ, ಕಣ್ಣು ಮೇಲಾಗಿ ಬಿದ್ದಿತ್ತು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿತು.

ಟ್ರಾಫಿಕ್ ಇನ್‌ಸ್ಪೆಕ್ಟರ್ ಭಾವನನ್ನು ಹಿಡಿದು ಕೇಳಿದಾಗ ಅವನು ಹೇಳಿದ್ದು ಹೀಗೆ: "ನನಗೇನು ಗೊತ್ತು ಸಾರ್? ಫಿಲ್ಮ್ ಹಾಕಿದ್ದು ನನ್ನ ನಾದಿನಿ. ಕಾನೂನಿನ ಅಳತೇನೇ ಅಂದ್ಲು, ನಂಬಿದೆ."

ಮಾರನೇ ದಿನ ಹನ್ನೊಂದು ಗಂಟೆಗೆ ಅವಳ ಅಂಗಡಿ ಮುಂದೆ ಇನ್‌ಸ್ಪೆಕ್ಟರ ಜೀಪು, ಅದರ ಹಿಂದೆ ಒಡೆದ ಗಾಜಿನ ವ್ಯಾನು ಬಂದು ನಿಂತವು. ಭಾವ ಇಳಿದ. ಅಕ್ಕನೂ ಇಳಿದಳು. ಬೀದಿಯೆಲ್ಲ ಬಾಗಿಲಿಗೆ ಬಂತು.

"ಏನಮ್ಮ, ಮೀಟರ್ ಮೀಟರ್ ಅಂತ ಊರೆಲ್ಲ ಡಂಗುರ ಹೊಡೀತೀಯಂತೆ. ನಿನ್ನ ಕೆಲಸ ನೋಡು" ಅಂದ ಇನ್‌ಸ್ಪೆಕ್ಟರ್. "ಅಂಗಡಿಗೆ ಬೀಗ ಹಾಕು. ಸೀಲ್ ಮಾಡಬೇಕು."

ಅವಳಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು. ಭಾವನ ಮೇಲಲ್ಲ, ಅವನು ಅಂಥವನೇ. ಅಕ್ಕ ನೆಲ ನೋಡುತ್ತಾ ನಿಂತಿದ್ದಳಲ್ಲ, ಅದಕ್ಕೆ.

"ಬೀಗ ಹಾಕೋಣ ಸಾರ್, ಆತುರ ಏನು. ಮೊದಲು ಇದು ನನ್ನ ಕೈಯ ಕೆಲಸ ಹೌದೋ ಅಲ್ವೋ ನೋಡಿ" ಅಂದಳು. "ನಿಮ್ಮ ಉಗುರು ಕೊಡಿ."

"ಏನು?"

"ಉಗುರು ಸಾರ್. ಗಾಜಿನ ಕೆಳಗಿನ ಅಂಚಿನ ಮೇಲೆ ಎಳೀರಿ."

ಅವನು ಮುಖ ಸಿಂಡರಿಸಿಕೊಂಡೇ ವ್ಯಾನಿನ ಗಾಜಿನ ಅಂಚಿನಲ್ಲಿ ಉಗುರು ಎಳೆದ. ಉಗುರು ಸಿಕ್ಕಿಕೊಂಡಿತು. ಇನ್ನೊಂದು ಗಾಜು. ಅಲ್ಲೂ ಸಿಕ್ಕಿಕೊಂಡಿತು.

"ಅದು ಚಾಕು ಎಳೆದ ಗೀರು. ಈಗ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ. ಅಲ್ಲಿ ಒಂಬತ್ತು ಗಾಡಿಗೆ ಫಿಲ್ಮ್ ಹಾಕಿದೋಳು ನಾನು. ಒಂದರಲ್ಲಿ ಗೀರು ಸಿಕ್ಕರೂ ಬೀಗದ ಕೈ ನಾನೇ ತಂದು ಕೊಡ್ತೀನಿ."

ಟ್ಯಾಕ್ಸಿಯವರಲ್ಲಿ ಹಿರಿಯನಾದವನು ಆಗಲೇ ತನ್ನ ಗಾಡಿಯನ್ನು ಮುಂದೆ ತಂದು ನಿಲ್ಲಿಸಿದ್ದ. ಇನ್‌ಸ್ಪೆಕ್ಟರ್ ಉಗುರು ಎಳೆದ. ಬೆಣ್ಣೆ ಮೇಲೆ ಎಳೆದಂತೆ ಹೋಯಿತು. ಎರಡನೇ ಗಾಡಿ, ಮೂರನೇ ಗಾಡಿ. ನಾಲ್ಕನೆಯದಕ್ಕೆ ಅವನು ನಿಲ್ಲಿಸಿದ.

"ಹಾಗಾದ್ರೆ ಇದನ್ನ ಯಾರು ಹಾಕಿದ್ದು?"

ಎದುರಂಗಡಿಯವನು ಷಟರಿನ ನೆರಳಿಗೆ ಸರಿದುಕೊಂಡ. ಆಗ ಅಕ್ಕ ತಲೆ ಎತ್ತಿದಳು. "ಎದುರಂಗಡಿಯಲ್ಲಿ ಹಾಕಿಸಿದ್ದು ಸಾರ್. ನಾನೇ ಜೊತೆಗೆ ಹೋಗಿದ್ದೆ. ಇವಳು ಆಗಲ್ಲ ಅಂದಿದ್ದಕ್ಕೆ ಮನೆಯಿಂದ ಹೊರಗೆ ಹಾಕಿದ್ವಿ."

"ಬಾಯಿ ಮುಚ್ಚೇ!" ಅಂದ ಭಾವ.

"ಮುಚ್ಚಿದ್ದಕ್ಕೇ ಆ ಮಗು ಅಲ್ಲಿ ಬಿದ್ದಿದ್ದು" ಅಂದಳು ಅಕ್ಕ.

ಅಲ್ಲಿಗೆ ಮುಗಿಸಬಹುದಿತ್ತು. ಇನ್‌ಸ್ಪೆಕ್ಟರ್ ಭಾವನನ್ನೂ ಎದುರಂಗಡಿಯವನನ್ನೂ ಜೀಪಿನ ಕಡೆ ಕರೆದ. ಮೀಟರಕ್ಕ ಜೀಪನ್ನೇ ನೋಡುತ್ತಾ ನಿಂತಳು. ಹಿಂದಿನ ಗಾಜುಗಳು ಕಾಡಿಗೆ ಬಳಿದಂತೆ ಮಿರಮಿರ ಹೊಳೆಯುತ್ತಿದ್ದವು.

"ಸಾರ್, ಬಂದಿದ್ದೀರಿ. ನಿಮ್ಮದೂ ಒಂದು ಸಲ ಅಳೆದುಬಿಡೋಣ."

"ಇದು ಸರಕಾರಿ ಗಾಡಿ."

"ಗಾಜು ಗಾಜೇ ಅಲ್ವಾ ಸಾರ್?"

ಅವನು ಬೇಡ ಅನ್ನುವಷ್ಟರಲ್ಲಿ ಅವಳು ತೆರೆದಿದ್ದ ಬಾಗಿಲಿನ ಗಾಜಿಗೆ ಮೀಟರ್ ಕಚ್ಚಿಸಿಯಾಗಿತ್ತು. "ಹದಿನೆಂಟು" ಅಂತ ಗಟ್ಟಿಯಾಗಿ ಓದಿದಳು. ಟ್ಯಾಕ್ಸಿಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಇಡೀ ಬೀದಿ ನಕ್ಕಿತು. ಇನ್‌ಸ್ಪೆಕ್ಟರ ಕಿವಿ ಕೆಂಪಾಯಿತು. ಇಬ್ಬರನ್ನೂ ಹತ್ತಿಸಿ, ಬಾಗಿಲು ಧಡಾರನೆ ಹಾಕಿಕೊಂಡು ಹೊರಟುಹೋದ.

ಭಾವನ ಲೈಸೆನ್ಸು ಒಂದು ವರ್ಷ ರದ್ದಾಯಿತು. ಎದುರಂಗಡಿಗೆ ಎರಡು ತಿಂಗಳು ಬೀಗ ಬಿತ್ತು. ಅಕ್ಕ ಅಷ್ಟಕ್ಕೆ ಕೈಕಟ್ಟಿ ಕೂರಲಿಲ್ಲ. ಐವತ್ತಾರನೇ ವಯಸ್ಸಿಗೆ ಗಾಡಿ ಕಲಿತಳು, ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ ಮೂರನೇ ಸಲ ಪಾಸಾದಳು. ಹಲಗೆಗಳನ್ನು ಕಿತ್ತು ಒಲೆಗೆ ಹಾಕಿದಳು. ವ್ಯಾನನ್ನು ತಂಗಿಯ ಅಂಗಡಿ ಮುಂದೆ ಅಡ್ಡಾದಿಡ್ಡಿ ನಿಲ್ಲಿಸಿ, "ಆ ತಿಳಿ ಫಿಲ್ಮ್ ಹಾಕು. ಬರ್ತಾ ಪಡುವಣದ ಬಿಸಿಲು ಮಕ್ಕಳ ಮುಖಕ್ಕೇ ಹೊಡೆಯುತ್ತೆ" ಅಂದಳು.

"ಎಷ್ಟು ಮಕ್ಕಳು?"

"ಹದಿನಾಲ್ಕು. ನಂಬಿಕೆ ಇಲ್ವಾ?"

"ಇಲ್ಲ" ಅಂತ ಅವಳು ಒಳಗೆ ಹತ್ತಿ ಸೀಟು ಎಣಿಸಿದಳು. ಅಕ್ಕ ಮೊದಲು ಉರಿದುಬಿದ್ದು, ಆಮೇಲೆ ನಕ್ಕುಬಿಟ್ಟಳು. ಇಬ್ಬರೂ ಸೇರಿ ಸೋಪುನೀರು ಚಿಮುಕಿಸಿ, ರಬ್ಬರ್ ಪಟ್ಟಿಯಲ್ಲಿ ಗುಳ್ಳೆಗಳನ್ನು ಅಂಚಿಗೆ ತಳ್ಳಿದರು. ಹೋಗುವಾಗ ಅಕ್ಕ, "ವಾಪಸ್ ಮನೆಗೆ ಬಾರೇ" ಅಂದಳು. "ಬರಲ್ಲ. ಬಾಡಿಗೆಗೆ ಒಂದು ಮನೆ ನೋಡಿದೀನಿ. ನೀನೇ ಅಲ್ಲಿಗೆ ಬಂದು ಹೋಗ್ತಾ ಇರು" ಅಂದಳು ತಂಗಿ.

ಇನ್‌ಸ್ಪೆಕ್ಟರ್ ಮಾತ್ರ ಹದಿನೆಂಟನ್ನು ಮರೆತಿರಲಿಲ್ಲ. ಅವಳ ಅಂಗಡಿಯ ಬೋರ್ಡು ರಸ್ತೆಗೆ ಚಾಚಿಕೊಂಡಿದೆ, ತೆಗೆಯಬೇಕು ಅಂತ ಅವನ ಕಚೇರಿಯಿಂದ ನೋಟಿಸು ಬಂತು. ಅವಳು ಟೇಪು ಹಿಡಿದು ಅಳೆದಳು. ಬೋರ್ಡು ಗೆರೆಯಿಂದ ಒಂದು ಗೇಣು ಒಳಗೇ ಇತ್ತು. ಅಳತೆಯನ್ನು ಬರೆದು, ಫೋಟೋ ಅಂಟಿಸಿ, ತಾನೇ ಕಚೇರಿಗೆ ಹೋದಳು. ಅಂಗಳದಲ್ಲಿ ಆರು ಜೀಪುಗಳು ಸಾಲಾಗಿ ನಿಂತಿದ್ದವು, ಆರೂ ಕಪ್ಪು. ಅವಳು ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಇವುಗಳ ಗಾಜನ್ನೂ ಅಳೆಯಬೇಕು ಅಂತ ಇನ್ನೊಂದು ಅರ್ಜಿ ಬರೆದಳು. ಅದರಲ್ಲಿ ಆರೂ ಗಾಡಿಗಳ ನಂಬರಿತ್ತು.

ಗುಮಾಸ್ತ ಮೊದಲನೆಯದನ್ನು ತೆಗೆದುಕೊಂಡ. ಎರಡನೆಯದನ್ನು ಓದಿ ವಾಪಸ್ ತಳ್ಳಿದ. "ಅಮ್ಮ, ಇದನ್ನ ತಗೊಂಡ್ರೆ ನನ್ನ ಕಥೆ ಮುಗೀತು."

"ಹಾಗಾದ್ರೆ ತಗೊಳ್ಳಲ್ಲ ಅಂತ ಬರೆದುಕೊಡಿ. ಕೆಳಗೆ ಸಹಿ ಹಾಕಿ."

ಅವನು ಬಾಗಿಲ ಕಡೆ ನೋಡಿದ, ಸೂರು ನೋಡಿದ, ಅವಳನ್ನು ನೋಡಿದ. ಅವಳು ಕೌಂಟರಿನ ಮುಂದಿನ ಬೆಂಚನ್ನು ಹತ್ತಿರ ಎಳೆದುಕೊಂಡು, ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತಳು. ಅವಳ ಹಿಂದೆ ಸಾಲು ಬೆಳೆಯಿತು. ಊಟದ ಹೊತ್ತಿನ ತನಕ ಹಾಗೇ ಕೂತಿದ್ದಳು. ಕೊನೆಗೆ ಗುಮಾಸ್ತ ನಿಟ್ಟುಸಿರು ಬಿಟ್ಟು, ಮೊಹರನ್ನು ಶಾಯಿಗೆ ಅದ್ದಿ, ಅರ್ಜಿಯ ಮೇಲೆ ಒತ್ತಿದ.

"ಇನ್ನೂ ಜೋರಾಗಿ ಒತ್ತಿ" ಅಂದಳು ಅವಳು. "ತಾರೀಕು ಸರಿಯಾಗಿ ಮೂಡಿಲ್ಲ."